ಕಾಲಿಗೊಂದು ಹೊಸ ಆವೃತ್ತಿ ಬೇಕಾಗಿದೆ

ಮ್ಯಾರಥಾನ್‌ಗೆ ಇನ್ನು ಏಳು ವಾರ ಉಳಿದಿದೆ. ಈ ಹೊತ್ತಿನಲ್ಲಿ ಓಡುವವನ ತಲೆಯಲ್ಲಿ ಭಾನುವಾರದ ಮೂವತ್ತು ಕಿಲೋಮೀಟರ್ ಇರಬೇಕು. ನನ್ನ ತಲೆಯಲ್ಲಿರುವುದು ಎಡಗಾಲಿನ ಹೆಬ್ಬೆರಳ ಉಗುರು. ಅದು ಮೊದಲು ಕೆಂಪಾಯಿತು, ಆಮೇಲೆ ನೇರಳೆಯಾಯಿತು, ಈಗ ಮಳೆ ಮೋಡದ ಬಣ್ಣಕ್ಕೆ ಬಂದು ನಿಂತಿದೆ. ತುದಿಯನ್ನು ಒತ್ತಿದರೆ ಬುಡದಲ್ಲಿ ಸಣ್ಣಗೆ ಅಲುಗುತ್ತದೆ. ಒತ್ತಬಾರದು ಎಂದು ಗೊತ್ತಿದ್ದೂ ದಿನಕ್ಕೆ ನಾಲ್ಕು ಸಲ ಒತ್ತಿ ನೋಡುತ್ತೇನೆ.

ಉಗುರು ಕಪ್ಪಾಗಲು ಕಾರಣ ಸುಧಾರಣೆ. ಮೂರು ವರ್ಷಗಳಿಂದ ಒಂದೇ ಮಾದರಿಯ ಶೂ ಹಾಕಿಕೊಂಡು ಓಡುತ್ತಿದ್ದೆ. ಕಂಪನಿಯ ಹೆಸರು ಬೇಡ. ಎಲ್ಲ ಕಂಪನಿಯವರೂ ಇದು ತಮಗೇ ಹೇಳಿದ್ದೆಂದು ತಿಳಿದುಕೊಂಡರೆ ನನ್ನ ತಕರಾರಿಲ್ಲ. ಹಳೆಯ ಜೋಡಿಯ ಅಡಿ ಸವೆದಾಗ ಅದೇ ಹೆಸರಿನ, ಅದೇ ಅಳತೆಯ ಇನ್ನೊಂದು ಜೋಡಿ ತಂದೆ. ಹೆಸರಿನ ಪಕ್ಕದ ಅಂಕಿ ಮಾತ್ರ ಒಂದು ಹೆಚ್ಚಾಗಿತ್ತು. ಡಬ್ಬದೊಳಗಿನ ಚೀಟಿಯಲ್ಲಿ, ನಿಮ್ಮ ನೆಚ್ಚಿನ ಶೂ ಈಗ ಇನ್ನಷ್ಟು ಉತ್ತಮ ಎಂಬ ಶುಭ ಸಮಾಚಾರವಿತ್ತು. ಹೌದು, ಉತ್ತಮವಾಗಿತ್ತು. ಬೆರಳುಗಳ ಜಾಗ ಕಿರಿದಾಗಿ ನೋಟಕ್ಕೆ ಚೂಪಾಗಿತ್ತು. ಲೇಸಿನಡಿಯ ನಾಲಿಗೆ ಕಾಗದದಷ್ಟು ತೆಳ್ಳಗಾಗಿ ಲೇಸ್ ನೇರವಾಗಿ ಪಾದದ ಮೂಳೆಯೊಡನೆ ಮಾತಾಡತೊಡಗಿತ್ತು. ಹಿಮ್ಮಡಿ ಸಡಿಲವಾಗಿತ್ತು. ಇಷ್ಟೆಲ್ಲ ಮಾಡಿ ಹನ್ನೆರಡು ಗ್ರಾಂ ತೂಕ ಇಳಿಸಿದ್ದರು. ನಾನು ಆ ತಿಂಗಳು ಎರಡು ಕಿಲೋ ಏರಿದ್ದೆ ಎಂಬುದು ಬೇರೆ ವಿಷಯ.

ಹಿಂದಿರುಗಿಸಬಹುದಿತ್ತಲ್ಲ ಎನ್ನುತ್ತೀರಿ. ಬಹುದಿತ್ತು, ಅಡಿಗೆ ಮಣ್ಣು ತಾಗದಿದ್ದರೆ. ದೂರದ ಓಟದ ಶೂ ತನ್ನ ಗುಣ ತೋರಿಸುವುದು ಹದಿನೆಂಟನೆಯ ಕಿಲೋಮೀಟರಿನ ಆಸುಪಾಸಿನಲ್ಲಿ, ಪಾದ ಊದಿಕೊಂಡು ಅಗಲವಾದ ಮೇಲೆ. ಅಂಗಡಿಯ ಕಾರ್ಪೆಟ್ ಮೇಲೆ ನಾಲ್ಕು ಹೆಜ್ಜೆ ಹಾಕಿದಾಗ ಅದು ಮದುಮಗನಷ್ಟು ಸಭ್ಯ. ಅಂದರೆ ಶೂ ಸರಿಯಿಲ್ಲ ಎಂದು ಗೊತ್ತಾಗಲು ಓಡಬೇಕು. ಓಡಿದರೆ ಅದು ನಿಮ್ಮದೇ. ಕೊನೆಯ ತೂತಿನಲ್ಲಿ ಲೇಸಿನ ಕುಣಿಕೆ ಮಾಡಿ ಹಿಮ್ಮಡಿ ಬಿಗಿದೆ. ಮುಂದಿನ ಎರಡು ತೂತು ಬಿಟ್ಟು ಕಟ್ಟಿದೆ. ದಪ್ಪ ಕಾಲುಚೀಲ, ತೆಳು ಕಾಲುಚೀಲ, ಎಲ್ಲ ಆಯಿತು. ಕೊನೆಗೆ ಉಗುರು ಶರಣಾಯಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಕಾಲ ಹೋಯಿತು. ಈಗ ನೆಲ ಡೊಂಕಾಗಿದ್ದರೂ ಕುಣಿಯುವವಳ ಕಾಲೇ ಡೊಂಕು ಎಂದು ತೋರಿಸಿಕೊಡಲು ಒಂದು ಇಡೀ ಉದ್ಯಮವಿದೆ. ನಿಮ್ಮನ್ನು ಟ್ರೆಡ್‌ಮಿಲ್ ಮೇಲೆ ಹತ್ತಿಸಿ, ಹಿಂದಿನಿಂದ ಮೊಣಕಾಲ ಕೆಳಗಷ್ಟೇ ವಿಡಿಯೋ ತೆಗೆಯುತ್ತಾರೆ. ಆಮೇಲೆ ಅದನ್ನು ನಿಧಾನಗತಿಯಲ್ಲಿ ತೋರಿಸುತ್ತಾರೆ. ಯಾವ ಮನುಷ್ಯನ ಹಿಮ್ಮಡಿಯೂ ನಿಧಾನಗತಿಯಲ್ಲಿ ಸುಂದರವಾಗಿ ಕಾಣುವುದಿಲ್ಲ. ಪಾದ ಒಳಕ್ಕೆ ವಾಲುತ್ತಿದೆ ಎಂದು ಗಂಭೀರವಾಗಿ ತಲೆಯಾಡಿಸುತ್ತಾರೆ. ಪಾದ ಒಳಕ್ಕೆ ವಾಲುವುದು ಅದರ ಕೆಲಸ, ನೆಲದ ಹೊಡೆತವನ್ನು ತಿನ್ನುವುದೇ ಹಾಗೆ. ಆದರೆ ರೋಗಿಯೇ ಇಲ್ಲದಿದ್ದರೆ ಮದ್ದು ಮಾರುವುದು ಯಾರಿಗೆ? ಅಮೆರಿಕದ ಸೇನೆಯವರು ಪಾದದ ಕಮಾನು ನೋಡಿ ಒಂದು ಗುಂಪಿನ ಹೊಸ ಸೈನಿಕರಿಗೆ ತಕ್ಕ ಶೂ ಹಂಚಿದರು. ಇನ್ನೊಂದು ಗುಂಪಿನ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟರು. ತರಬೇತಿ ಮುಗಿದಾಗ ಎರಡು ಗುಂಪಿನವರ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಇದೆಲ್ಲ ಪ್ರಕಟವಾಗಿ ಹದಿನೈದು ವರ್ಷ ದಾಟಿದೆ. ಟ್ರೆಡ್‌ಮಿಲ್ ಮಾತ್ರ ಇನ್ನೂ ತಿರುಗುತ್ತಿದೆ.

ಈ ಉದ್ಯಮದ ನೆನಪಿನ ಶಕ್ತಿಯನ್ನು ನಾನು ಮೆಚ್ಚುತ್ತೇನೆ. ಅದಕ್ಕೆ ಹೋದ ವರ್ಷ ಹೇಳಿದ್ದು ಈ ವರ್ಷ ನೆನಪಿರುವುದಿಲ್ಲ. ಒಂದು ಕಾಲದಲ್ಲಿ ಪಾದವನ್ನು ಅಲುಗದಂತೆ ಹಿಡಿದಿಡುವ ಗಟ್ಟಿ ಶೂಗಳೇ ಪರಮ ಸತ್ಯವಾಗಿದ್ದವು. ಆಮೇಲೆ 2009ರ ಸುಮಾರಿಗೆ ಶೂ ಎಂಬುದೇ ಪಾಪ, ಮನುಷ್ಯ ಬರಿಗಾಲಲ್ಲಿ ಓಡಲು ಹುಟ್ಟಿದವನು ಎಂಬ ಜ್ಞಾನೋದಯವಾಯಿತು. ಬರಿಗಾಲಲ್ಲಿ ಓಡಲು ಏನು ಬೇಕು? ಅದಕ್ಕೂ ಒಂದು ಶೂ ಬೇಕು! ಐದು ಬೆರಳಿಗೆ ಐದು ಗೂಡು ಇರುವ ರಬ್ಬರ್ ಗವಸು ಬಂತು. ಪಾದ ಬಲವಾಗುತ್ತದೆ, ಗಾಯ ಕಡಿಮೆಯಾಗುತ್ತದೆ ಎಂದು ಹೇಳಿಕೊಂಡಿದ್ದ ವಿಬ್ರಮ್ ಕಂಪನಿ ಅಮೆರಿಕದಲ್ಲಿ ಗ್ರಾಹಕರು ಹೂಡಿದ ದಾವೆಯನ್ನು 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು, ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಅಷ್ಟರಲ್ಲಿ ಭಕ್ತರೆಲ್ಲ ದಪ್ಪ ಅಡಿಯ ಪಂಥಕ್ಕೆ ಮತಾಂತರಗೊಂಡಾಗಿತ್ತು.

ಬರಿಗಾಲಿನವರು ಇಥಿಯೋಪಿಯದ ಮ್ಯಾರಥಾನ್ ಓಟಗಾರ ಅಬೆಬೆ ಬಿಕಿಲಾ ಹೆಸರು ಹೇಳದೆ ಮಾತು ಮುಗಿಸುವುದಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಶೂ ಕಾಲಿಗೆ ಹೊಂದಲಿಲ್ಲವೆಂದು ಅವರು ಅದನ್ನು ಪಕ್ಕಕ್ಕಿಟ್ಟು ಬರಿಗಾಲಲ್ಲಿ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಶೂ ಪರೀಕ್ಷೆಯ ಚರಿತ್ರೆಯಲ್ಲೇ ಇಷ್ಟು ಚುಟುಕಾದ, ಇಷ್ಟು ಪ್ರಾಮಾಣಿಕವಾದ ವಿಮರ್ಶೆ ಇನ್ನೊಂದಿಲ್ಲ. ಆದರೆ ಭಕ್ತರು ಕಥೆಯನ್ನು ರೋಮ್‌ನಲ್ಲೇ ನಿಲ್ಲಿಸಿಬಿಡುತ್ತಾರೆ. 1964ರಲ್ಲಿ ಟೋಕಿಯೊದಲ್ಲಿ ಅದೇ ಬಿಕಿಲಾ ಶೂ ಹಾಕಿಕೊಂಡು ಮೂರು ನಿಮಿಷ ಬೇಗ ಓಡಿ ಮತ್ತೆ ಚಿನ್ನ ಗೆದ್ದರು. ಹೊಂದಿದರೆ ಹಾಕಿಕೊಂಡರು, ಹೊಂದದಿದ್ದರೆ ಬಿಟ್ಟರು. ಇಷ್ಟು ಸರಳವಾದದ್ದರ ಮೇಲೆ ಯಾರೂ ಪಂಥ ಕಟ್ಟಲಾರರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದಿದ್ದರು ಹಿರಿಯರು. ಹಾಸಿಗೆಯನ್ನೇ ಕಾಲಿಗೆ ಕಟ್ಟಿಕೊಂಡು ಓಡುವ ದಿನ ಬರುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ಅಡಿಯ ದಪ್ಪ ಏರುತ್ತ ಏರುತ್ತ ಹೋಗಿ, ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ಅಳತೆಪಟ್ಟಿ ಹಿಡಿಯಬೇಕಾಯಿತು. ರಸ್ತೆ ಓಟದಲ್ಲಿ ನಲವತ್ತು ಮಿಲಿಮೀಟರಿಗಿಂತ ಹೆಚ್ಚಿಲ್ಲ, ಅಡಿಯೊಳಗೆ ಹುದುಗಿಸುವ ಗಟ್ಟಿ ಪ್ಲೇಟ್ ಒಂದಕ್ಕಿಂತ ಹೆಚ್ಚಿಲ್ಲ. ಆಮೇಲೆ ವಿಯೆನ್ನಾ ಮ್ಯಾರಥಾನ್‌ನಲ್ಲಿ ಆದದ್ದು ನಿಮಗೆ ಗೊತ್ತೇ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಇಥಿಯೋಪಿಯದ ದೆರಾರಾ ಹುರಿಸಾ ಎಲ್ಲರಿಗಿಂತ ಮೂರು ಸೆಕೆಂಡ್ ಮುಂದೆ ಗೆರೆ ದಾಟಿದರು. ಅವರ ಶೂವಿನ ಅಡಿ ಐದು ಸೆಂಟಿಮೀಟರ್ ಇತ್ತು, ಅಂದರೆ ಒಂದು ಸೆಂಟಿಮೀಟರ್ ಹೆಚ್ಚು. ಪ್ರಶಸ್ತಿ ಎರಡನೆಯವರ ಪಾಲಾಯಿತು. ನಿಯಮ ನಿಯಮವೇ, ಅರ್ಜಿಯಲ್ಲಿ ಅವರು ಬೇರೆ ಶೂವಿನ ಹೆಸರು ಬರೆದಿದ್ದರು, ನ್ಯಾಯವಾಗಿಯೇ ಹೋಯಿತು. ಆದರೆ ನನಗೆ ಕಚಗುಳಿ ಇಡುವುದು ಬೇರೆ ಸಂಗತಿ. ಅವರು ಹಾಕಿಕೊಂಡಿದ್ದು ತರಬೇತಿಯ ಶೂ. ರೇಸ್ ದಿನ ಹೊಸದೇನನ್ನೂ ಹಾಕಬೇಡ, ಅಭ್ಯಾಸವಾದದ್ದನ್ನೇ ಹಾಕು ಎಂದು ಎಲ್ಲ ಕೋಚ್‌ಗಳೂ ಬಡಬಡಿಸುವ ಒಂದು ಉಪದೇಶವಿದೆಯಲ್ಲ, ಜಗತ್ತಿನಲ್ಲಿ ಒಬ್ಬ ಮನುಷ್ಯ ಅದನ್ನು ಪಾಲಿಸಿದ. ಅವನನ್ನು ಅನರ್ಹಗೊಳಿಸಿದರು.

ಸಂಸ್ಥೆಯ ಅಳತೆಪಟ್ಟಿ ಅಡಿಯನ್ನು ಮಾತ್ರ ಅಳೆಯುತ್ತದೆ, ವಿಶೇಷಣಗಳನ್ನಲ್ಲ. ಶೂ ವಿಮರ್ಶೆಗಳನ್ನು ಓದಿದ್ದೀರಾ? ಫೋಮ್ ಜೀವಂತವಾಗಿದೆ, ಮೋಡದ ಮೇಲೆ ನಡೆದಂತಿದೆ, ಹೆಜ್ಜೆಗೆ ಉತ್ತರ ಕೊಡುತ್ತದೆ, ಶಕ್ತಿಯನ್ನು ಹಿಂದಿರುಗಿಸುತ್ತದೆ. ಈ ಕೊನೆಯದು ನನಗೆ ಬಹಳ ಇಷ್ಟ. ಓಡುವವನ ಶಕ್ತಿಯಲ್ಲಿ ನಾಲ್ಕು ಶೇಕಡ ಉಳಿಸುತ್ತದೆಂದು ಹೆಸರಾದ ನೈಕಿಯ ಆ ಪ್ರಸಿದ್ಧ ಶೂವಿನ ಮೂಲಮಾದರಿಯನ್ನು ಪ್ರಯೋಗಾಲಯದಲ್ಲಿ ಅದುಮಿ ನೋಡಿದಾಗ ಅದರ ಅಡಿ 87 ಶೇಕಡ ಶಕ್ತಿಯನ್ನು ಹಿಂದಿರುಗಿಸಿತ್ತು. ನೂರು ಕೊಟ್ಟರೆ ಎಂಬತ್ತೇಳು ಬರುತ್ತದೆ. ಯಾವ ಬ್ಯಾಂಕಾದರೂ ಹೀಗೆ ಮಾಡಿದರೆ ಬಾಗಿಲ ಮುಂದೆ ಜನ ಸೇರುತ್ತಾರೆ. ಬೇರೆ ಶೂಗಳು ಇನ್ನೂ ಕಡಿಮೆ ಕೊಡುತ್ತಿದ್ದವು, ಆದ್ದರಿಂದ ಇದು ಲಾಭ. ಇನ್ನು ಆ ನಾಲ್ಕು ಶೇಕಡ ಉಳಿತಾಯವನ್ನು ಅಳೆದದ್ದು ಗಂಟೆಗೆ 14, 16, 18 ಕಿಲೋಮೀಟರ್ ವೇಗದಲ್ಲಿ, ಪಳಗಿದ ಓಟಗಾರರ ಮೇಲೆ. ನಾನು 14 ಕಿಲೋಮೀಟರ್ ವೇಗ ಕಂಡದ್ದು ಒಂದೇ ಸಲ, ಇಳಿಜಾರಿನಲ್ಲಿ, ಅದೂ ನನ್ನ ಇಚ್ಛೆಗೆ ವಿರುದ್ಧವಾಗಿ.

ವಿಮರ್ಶಕರ ಬದುಕು ಸುಖದ್ದು. ಡಬ್ಬ ತೆರೆದು, ಶೂವನ್ನು ಎರಡು ಕೈಯಲ್ಲಿ ಹಿಡಿದು ಮಡಚಿ, ಮೂಸಿ, ತಕ್ಕಡಿಯಲ್ಲಿಟ್ಟು, ಎಂಟು ಕಿಲೋಮೀಟರ್ ಓಡಿ, ಇದು ಮ್ಯಾರಥಾನಿಗೆ ಹೇಳಿ ಮಾಡಿಸಿದ್ದು ಎಂದು ತೀರ್ಪು ಕೊಡುತ್ತಾರೆ. ಎಂಟನೆಯ ಕಿಲೋಮೀಟರಿನಲ್ಲಿ ಎಲ್ಲ ಶೂಗಳೂ ಮ್ಯಾರಥಾನಿಗೆ ಹೇಳಿ ಮಾಡಿಸಿದವೇ. ಎಂಟನೆಯ ಕಿಲೋಮೀಟರಿನಲ್ಲಿ ನಾನೂ ಹೇಳಿ ಮಾಡಿಸಿದವನೇ.

ಮೊದಲೆಲ್ಲ ಪರೀಕ್ಷೆ ಮಾಡುವವರು ತಮ್ಮ ಮನೆಯ ನಷ್ಟದಲ್ಲಿ ಮಾಡುತ್ತಿದ್ದರು. ಬಿಲ್ ಬೋವರ್‌ಮನ್ ಎಂಬ ಕೋಚ್, ನೈಕಿಯ ಸ್ಥಾಪಕರಲ್ಲಿ ಒಬ್ಬರು, 1970ರ ದಶಕದ ಆರಂಭದಲ್ಲಿ ಹಗುರವಾದ, ಹಿಡಿತವಿರುವ ಅಡಿಗಾಗಿ ತಲೆ ಕೆಡಿಸಿಕೊಂಡಿದ್ದರು. ಮನೆಯಲ್ಲಿ ವಾಫಲ್ ಎಂಬ ತಿಂಡಿ ಮಾಡುವ ಅಚ್ಚು ಕಣ್ಣಿಗೆ ಬಿತ್ತು. ಅದರ ಚೌಕಚೌಕದ ಗುಳಿಗಳು ತಿರುವುಮುರುವಾದರೆ ನೆಲವನ್ನು ಹೇಗೆ ಹಿಡಿದಾವು ಎಂದು ಯೋಚಿಸಿ, ಯುರೇಥೇನ್ ಎಂಬ ರಬ್ಬರಿನಂಥ ವಸ್ತುವನ್ನು ಅಚ್ಚಿನೊಳಗೆ ಸುರಿದರು. ಅಂಟದಂತೆ ಏನನ್ನಾದರೂ ಸವರಬೇಕು ಎಂಬುದು ಮರೆತುಹೋಯಿತು. ಅಚ್ಚಿನ ಎರಡು ದವಡೆಗಳು ಕಚ್ಚಿಕೊಂಡವು, ಮತ್ತೆ ಬಿಡಲಿಲ್ಲ. ಹಾಳಾದ ಅಚ್ಚು ಮನೆಯ ಕಸದ ಗುಂಡಿ ಸೇರಿ, ದಶಕಗಳ ನಂತರ ಮಣ್ಣಿನಿಂದ ಹೊರಬಂತು. ಈಗ ಕಂಪನಿಯ ಪಾಲಿಗೆ ಅದು ಪೂಜ್ಯ ವಸ್ತು. ಆ ಮನೆಯಾಕೆ ಆ ದಿನ ಏನಂದರೋ ಚರಿತ್ರೆಕಾರರು ಬರೆದಿಟ್ಟಿದ್ದರೆ ನನಗೆ ಅದನ್ನು ಓದುವ ಆಸೆ. ಹಾಳು ಮಾಡಿದ್ದು ತಮ್ಮದೇ ಅಡುಗೆಮನೆಯ ಪಾತ್ರೆಯನ್ನು ಎಂಬ ಕಾರಣಕ್ಕೆ ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ. ಈಗ ಹಾಳಾಗುವುದು ನನ್ನ ಉಗುರು, ಅದಕ್ಕೆ ದುಡ್ಡು ಕೊಡುವವನೂ ನಾನೇ.

ನನ್ನ ಗೆಳೆಯನೊಬ್ಬನಿದ್ದಾನೆ. ಹಾಫ್ ಮ್ಯಾರಥಾನಿಗೆ ತಯಾರಿ ನಡೆಸಿದ್ದಾನೆ. ಅವನ ಬಳಿ ಏಳು ಜೋಡಿಗಳಿವೆ: ನಿಧಾನದ ಓಟಕ್ಕೊಂದು, ಅದಕ್ಕಿಂತ ನಿಧಾನದ ಓಟಕ್ಕೊಂದು, ಒಂದೇ ಬಿರುಸಿನ ಟೆಂಪೋ ಓಟಕ್ಕೆ, ಬಿಟ್ಟು ಬಿಟ್ಟು ಜೋರಾಗಿ ಓಡುವ ಇಂಟರ್‌ವಲ್‌ಗೆ, ಲಾಂಗ್ ರನ್‌ಗೆ, ರೇಸ್‌ಗೆ, ಮತ್ತೆ ರೇಸಿನ ಶೂ ಕಾಲಿಗೆ ಒಗ್ಗಿಸಿಕೊಳ್ಳಲು ಅದರ ತಮ್ಮನಂಥ ಇನ್ನೊಂದು. ಎಲ್ಲದರ ಕಿಲೋಮೀಟರ್ ಲೆಕ್ಕ ಕಂಪ್ಯೂಟರಿನಲ್ಲಿದೆ.

"ಈ ವಾರ ಎಷ್ಟು ಓಡಿದೆ?" ಎಂದು ಕೇಳಿದೆ.

"ಓಟ ಹಾಗಿರಲಿ. ಪ್ಲೇಟ್ ಇರುವುದನ್ನೂ ಇಲ್ಲದಿರುವುದನ್ನೂ ಹೋಲಿಸಿ ನೋಡುತ್ತಿದ್ದೇನೆ."

"ಓಡದೆ ಹೇಗೆ ಹೋಲಿಸುತ್ತೀಯ?"

"ಜನ ಬರೆದದ್ದಿದೆಯಲ್ಲ."

ಒಂದು ಲೆಕ್ಕ ಹಾಕಿ ನೋಡೋಣ. ಅವನ ಯೋಜನೆ ಹನ್ನೆರಡು ವಾರಗಳದ್ದು, ವಾರಕ್ಕೆ ನಲವತ್ತು ಕಿಲೋಮೀಟರ್. ಒಟ್ಟು 480. ರೇಸಿನ ಇಪ್ಪತ್ತೊಂದು ಸೇರಿದರೆ ಐನೂರು. ಒಂದು ಸಾಧಾರಣ ಶೂ ಐನೂರರಿಂದ ಎಂಟುನೂರು ಕಿಲೋಮೀಟರ್ ಬಾಳುತ್ತದೆ ಎಂದು ಮಾರುವವರೇ ಹೇಳುತ್ತಾರೆ. ಅಂದರೆ ಇಡೀ ತಯಾರಿಗೂ ರೇಸಿಗೂ ಒಂದೇ ಜೋಡಿ ಸಾಕು. ಎರಡಿದ್ದರೆ ಒಂದು ಒಣಗುವಾಗ ಇನ್ನೊಂದು ಹಾಕಿಕೊಳ್ಳಬಹುದು, ಒಪ್ಪುತ್ತೇನೆ. ಏಳು ಜೋಡಿಗಳನ್ನು ಸವೆಸಲು ಅವನಿಗೆ ಕಡಿಮೆಯೆಂದರೂ ಇನ್ನೂ ಸುಮಾರು ಒಂದೂವರೆ ವರ್ಷ ಬೇಕು. ಅಷ್ಟರಲ್ಲಿ ಏಳಕ್ಕೂ ಹೊಸ ಆವೃತ್ತಿ ಬಂದಿರುತ್ತದೆ. ಇದನ್ನು ನಾನು ಅವನಿಗೆ ಹೇಳಿದೆ. ಅವನು ನನ್ನ ಉಗುರು ನೋಡಿ, "ನಿನಗೆ ಅಗಲದ ಮಾದರಿ ಬೇಕು, ನಾನೊಂದು ಹೇಳುತ್ತೇನೆ" ಎಂದ.

2023ರ ಬರ್ಲಿನ್ ಮ್ಯಾರಥಾನ್ ನೆನಪಿರಬೇಕು. ಇಥಿಯೋಪಿಯದ ಟಿಗಿಸ್ಟ್ ಅಸೆಫಾ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಓಡಿ ಮಹಿಳೆಯರ ವಿಶ್ವ ದಾಖಲೆಯನ್ನು ಎರಡು ನಿಮಿಷಕ್ಕೂ ಹೆಚ್ಚು ಕೆಳಗಿಳಿಸಿದರು. ಆಮೇಲೆ ಶೂವನ್ನು ಕೈಯಲ್ಲಿ ಎತ್ತಿ ಹಿಡಿದರು, ಮರುದಿನ ಮಾತೆಲ್ಲ ಅದರದೇ. 138 ಗ್ರಾಂ. ವಾರಗಟ್ಟಲೆ ಬೆವರಿದ ಕಾಲುಗಳ ಬಗ್ಗೆ ಒಂದು ಸಾಲು, ಶೂವಿನ ಬಗ್ಗೆ ಪುಟಗಟ್ಟಲೆ. ಆ ಶೂ ಇರುವುದೇ ಒಂದು ಮ್ಯಾರಥಾನಿಗೆ ಎಂದು ಅಡಿಡಾಸ್‌ನವರೇ ಹೇಳಿದ್ದರು. ಒಗ್ಗಿಸಿಕೊಳ್ಳುವ ಒಂದಿಷ್ಟು ಓಟ, ಆಮೇಲೆ ಆ ಒಂದು ರೇಸ್, ಅಲ್ಲಿಗೆ ಮುಗಿಯಿತು. ನಲವತ್ತೆರಡು ಕಿಲೋಮೀಟರ್ ಚಿಲ್ಲರೆಗೆ ಒಂದು ಜೋಡಿ. ವಿಶ್ವ ದಾಖಲೆ ಮುರಿಯುವವರು ಹಾಕಿಕೊಳ್ಳಲಿ, ಅವರ ಅನ್ನ ಅದು. ಆದರೆ ಅದೇ ಶೂ ಐದು ಗಂಟೆಗೆ ಗೆರೆ ಮುಟ್ಟುವವರ ಕಾಲಲ್ಲೂ ಕಂಡಾಗ ನಗು ಬರುವುದಿಲ್ಲ.

ನಿಜ ಹೇಳುತ್ತೇನೆ, ಸಾಕಾಗಿದೆ. ನಾನು ಕೇಳಿದ್ದು ವೇಗವನ್ನಲ್ಲ, ಹನ್ನೆರಡು ಗ್ರಾಂ ರಿಯಾಯಿತಿಯನ್ನಲ್ಲ. ಹೋದ ವರ್ಷ ನೋವಿಲ್ಲದೆ ಓಡಿಸಿದ ಶೂವನ್ನೇ ಇನ್ನೊಮ್ಮೆ ಕೊಡಿ ಎಂದು ಕೇಳಿದೆ. ಸರಿಯಾಗಿದ್ದದ್ದನ್ನು ಯಾಕೆ ಮುಟ್ಟುತ್ತೀರಿ? ಉತ್ತರ ಎಲ್ಲರಿಗೂ ಗೊತ್ತಿದೆ. ಬದಲಾಗದ ಶೂ ಸುದ್ದಿಯಾಗುವುದಿಲ್ಲ, ಸುದ್ದಿಯಾಗದ್ದು ಸವೆಯುವ ಮೊದಲೇ ಇನ್ನೊಂದನ್ನು ಕೊಳ್ಳುವಂತೆ ಮಾಡುವುದಿಲ್ಲ. ಅಷ್ಟಕ್ಕೆ ಪ್ರತಿ ವರ್ಷ ಒಳ್ಳೆಯ ಶೂವೊಂದನ್ನು ಕೊಂದು, ಅದರ ಹೆಸರನ್ನು ಮುಂದಿನದಕ್ಕೆ ಇಡುತ್ತಾರೆ. ನಾವು ನಮ್ಮ ಕಾಲನ್ನೇ ಅನುಮಾನಿಸುತ್ತ ಮುಲಾಮು ಹಚ್ಚಿಕೊಂಡು ಕೂರುತ್ತೇವೆ. ಮನೆಯ ಮೂಲೆಯಲ್ಲಿ ಎಂಬತ್ತು ಕಿಲೋಮೀಟರ್ ಕೂಡ ಓಡದ ಜೋಡಿಗಳು ಬಿದ್ದಿರುತ್ತವೆ. ಅವು ಮಣ್ಣಲ್ಲಿ ಕರಗುವ ಜಾತಿಯವಲ್ಲ.

ಹಳೆಯ ಆವೃತ್ತಿಗಾಗಿ ಮೂರು ವಾರ ಹುಡುಕಿದೆ. ಕೊನೆಗೆ ಒಂದು ಕಡೆ ಸಿಕ್ಕಿತು, ಒಂದು ಅಳತೆ ದೊಡ್ಡದು, ಯಾರೂ ಕೊಳ್ಳದ ಸಾಸಿವೆ ಬಣ್ಣ. ಎರಡು ಜೋಡಿ ತೆಗೆದುಕೊಂಡೆ. ನಿನ್ನೆ ಅದರಲ್ಲಿ ಹದಿನಾರು ಕಿಲೋಮೀಟರ್ ಓಡಿದೆ. ಬೆರಳುಗಳಿಗೆ ಜಾಗವಿತ್ತು, ದಾರಿಯುದ್ದಕ್ಕೂ ಶೂ ಇದೆ ಎಂಬುದೇ ಮರೆತಿತ್ತು. ವಿಮರ್ಶೆ ಇಷ್ಟೇ.

ಮನೆಗೆ ಬಂದು ಮೊಬೈಲ್ ನೋಡಿದರೆ ಹೊಸ ಆವೃತ್ತಿಯ ಕಂಪನಿಯಿಂದ ಸಂದೇಶ ಬಂದಿತ್ತು. ನಿಮ್ಮ ಅನುಭವ ಹೇಗಿತ್ತು, ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುವಿರಿ, ಒಂದು ಚಿತ್ರವನ್ನೂ ಲಗತ್ತಿಸಿ ಎಂದು ಕೇಳಿದ್ದಾರೆ. ಕೊಡುತ್ತೇನೆ. ಉಗುರು ಇನ್ನೂ ಪೂರ್ತಿ ಬಿಟ್ಟಿಲ್ಲ, ಇನ್ನೊಂದು ವಾರ ಹಿಡಿಯಬಹುದು.