ನೂರು ಗ್ರಾಂ ಸಾಬೂನು, ಇನ್ನೂರು ಗ್ರಾಂ ಗಾಂಭೀರ್ಯ

ನಮ್ಮ ಕಾಸರಗೋಡಿನಲ್ಲಿ ಜಗಳಕ್ಕೆ ವಿಷಯದ ಬರಗಾಲ ಯಾವತ್ತೂ ಬಂದದ್ದಿಲ್ಲ. ಭಾಷೆ ಉಂಟು, ಗಡಿ ಉಂಟು, ಅಡಿಕೆಯ ರೇಟು ಉಂಟು, ಹೊಸ ಹೆದ್ದಾರಿಯ ಸರ್ವೀಸ್ ರೋಡಿನಲ್ಲಿ ಯಾರು ಯಾವ ಕಡೆಯಿಂದ ಬರಬೇಕು ಎಂಬುದೂ ಉಂಟು. ಇಷ್ಟು ಸಾಲದು ಎಂದು ಈಗ ಇನ್ನೊಂದು ಸೇರಿದೆ. ದುಬಾರಿ ಶೇವಿಂಗ್ ಸಾಬೂನು ಗಾಜಿನ ಭರಣಿಯಲ್ಲಿ ಇರಬೇಕೋ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಇರಬೇಕೋ?

ನಗಬೇಡಿ. ಉಪ್ಪಳದ ಒಂದು ಮದುವೆ ಊಟದಲ್ಲಿ ಸಾರಿನಿಂದ ಹಿಡಿದು ಪಾಯಸದವರೆಗೆ ಇದೇ ಮಾತು. ಗಾಜಿನ ಪಕ್ಷಕ್ಕೆ ದುಬೈಯಿಂದ ರಜೆಗೆ ಬಂದ ನಮ್ಮ ಭಾವ. ಪ್ಲಾಸ್ಟಿಕ್ ಪಕ್ಷಕ್ಕೆ ಅವರಿಗೇ ಒಂದು ಕಾಲದಲ್ಲಿ ಪಾಠ ಹೇಳಿದ ಮಾಷ್ಟ್ರು. ಎದುರು ಸಾಲಿನಲ್ಲಿ ಕೂತ ಹುಡುಗರು ಎರಡು ಪಕ್ಷಕ್ಕೂ ಹಂಚಿಹೋದರು. ಅವರಲ್ಲಿ ಒಬ್ಬನಿಗೂ ಗಡ್ಡ ಎದೆಗಿಂತ ಮೇಲೆ ನಿಂತಿರಲಿಲ್ಲ. ಬ್ಲೇಡು ಮುಟ್ಟದವರಿಗೆ ಡಬ್ಬಿಯ ಬಗ್ಗೆ ಇಷ್ಟು ಖಚಿತ ಅಭಿಪ್ರಾಯ ಎಲ್ಲಿಂದ ಬಂತೋ!

"ಗಾಜಿನಲ್ಲಿ ಇದ್ರೆ ಅದಕ್ಕೊಂದು ಕ್ಲಾಸ್ ಉಂಟು ಮಾಷ್ಟ್ರೇ. ಪ್ಲಾಸ್ಟಿಕ್ ಅಂದ್ರೆ ಕೆಮಿಕಲ್. ಸಾಬೂನಿನ ಶುದ್ಧಿ ಹೋಗ್ತದೆ" ಎಂದರು ಭಾವ.

"ಸಾಬೂನೇ ಕೆಮಿಕಲ್ ಅಲ್ವಾ ಮಾರಾಯ. ನಿನಗೆ ನಾನೇ ಹೇಳಿಕೊಟ್ಟದ್ದು" ಎಂದರು ಮಾಷ್ಟ್ರು.

ಈ ಶುದ್ಧಿಯ ಮಾತು ಸ್ವಲ್ಪ ನೋಡೋಣ. ಎಣ್ಣೆ, ಕೊಬ್ಬು, ಸ್ಟಿಯರಿಕ್ ಆಸಿಡ್ ಇವುಗಳಿಗೆ ಕಾಸ್ಟಿಕ್ ಪೊಟ್ಯಾಶ್, ಜೊತೆಗೆ ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿದರೆ ಶೇವಿಂಗ್ ಸಾಬೂನು ಆಗುತ್ತದೆ. ಪೊಟ್ಯಾಶ್ ಅದನ್ನು ಮೆತ್ತಗೆ ಇಡುತ್ತದೆ, ಸೋಡಾ ಗಟ್ಟಿ ಮಾಡುತ್ತದೆ. ಸ್ಟಿಯರಿಕ್ ಜಾಸ್ತಿ ಇದ್ದರೆ ನೊರೆ ದಪ್ಪಗಾಗಿ ಮುಖದಲ್ಲಿ ನಿಲ್ಲುತ್ತದೆ. ನಮ್ಮ ತೆಂಗಿನೆಣ್ಣೆ ಜಾಸ್ತಿಯಾದರೆ ನೊರೆ ಭರ್ರನೆ ಏಳುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಈಗ ಯಾವುದಾದರೂ ಕಾಲೇಜಿನ ಲ್ಯಾಬಿಗೆ ಹೋಗಿ, ಈ ಕಾಸ್ಟಿಕ್ ದ್ರಾವಣವನ್ನು ಯಾವುದರಲ್ಲಿ ಇಟ್ಟಿದ್ದಾರೆ ಎಂದು ನೋಡಿ. ಪ್ಲಾಸ್ಟಿಕ್ ಬಾಟಲಿಯಲ್ಲಿ! ಗಾಜಿನಲ್ಲಿ ಇಟ್ಟರೆ ಅದು ನಿಧಾನಕ್ಕೆ ಗಾಜನ್ನೇ ತಿನ್ನುತ್ತದೆ. ಗಾಜಿನ ಬಿರಡೆ ಹಾಕಿದರೆ ಕಚ್ಚಿ ಹಿಡಿದು ಕೂರುತ್ತದೆ, ಮತ್ತೆ ಬಿಡುವುದಿಲ್ಲ. ಅಂದರೆ ಸಾಬೂನಿನ ಅಪ್ಪ ಪ್ಲಾಸ್ಟಿಕ್ ಮನೆಯಲ್ಲೇ ಸುಖವಾಗಿ ಇದ್ದವನು. ಮಗನಿಗೆ ಮಾತ್ರ ಮಡಿ. ಇನ್ನು ಪೂರ್ತಿ ತಯಾರಾದ ಸಾಬೂನಿನಲ್ಲಿ ಆ ಕಾಸ್ಟಿಕ್ಕಿನ ಖಾರ ಉಳಿದಿರುವುದಿಲ್ಲ. ಅದು ಗಾಜಿಗೂ ಏನೂ ಮಾಡುವುದಿಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಡಬ್ಬಿಗೂ ಏನೂ ಮಾಡುವುದಿಲ್ಲ.

ಹಾಗಾದರೆ ಗಾಜು ಮಾಡುವ ಕೆಲಸ ಎಂತ? ತೂಗುವುದು. ಅದೇ ಗಾತ್ರದ ಪಾಲಿಪ್ರೊಪಿಲೀನ್‌ಗಿಂತ ಗಾಜು ಎರಡೂವರೆ ಪಟ್ಟಿಗಿಂತ ಜಾಸ್ತಿ ಭಾರ. ಒಡೆಯಬಾರದು ಎಂದು ಗೋಡೆ ದಪ್ಪ ಮಾಡುತ್ತಾರೆ. ಕೈಯಲ್ಲಿ ಹಿಡಿದಾಗ ಕೊಟ್ಟ ದುಡ್ಡು ಅನುಭವಕ್ಕೆ ಬರಬೇಕು ಎಂದು ತಳ ಇನ್ನೂ ದಪ್ಪ ಮಾಡುತ್ತಾರೆ. ಒಳಗೆ ಸಾಬೂನು ನೂರು ಗ್ರಾಂ, ಹೊರಗೆ ಗಾಂಭೀರ್ಯ ಇನ್ನೂರು ಗ್ರಾಂ. ಏರ್‌ಪೋರ್ಟಿನಲ್ಲಿ ಬ್ಯಾಗು ತೂಕಕ್ಕೆ ಇಟ್ಟಾಗ ಈ ಗಾಂಭೀರ್ಯಕ್ಕೆ ಜಾಗ ಮಾಡಲು ಭಾವ ಹೊರಗೆ ತೆಗೆದದ್ದು ಅಕ್ಕನಿಗೆ ತಂದ ಖರ್ಜೂರವನ್ನು. ಅಕ್ಕ ಇದನ್ನು ಇನ್ನೂ ಮರೆತಿಲ್ಲ.

ಪ್ಲಾಸ್ಟಿಕ್ ದ್ವೇಷಿಗಳ ಆ ಭರಣಿ ಮನೆಗೆ ಬಂದ ಚಂದವನ್ನೂ ಹೇಳಬೇಕು. ಮುಚ್ಚಳ ಪ್ಲಾಸ್ಟಿಕ್. ಮುಚ್ಚಳದ ಒಳಗಿನ ಬಿಲ್ಲೆ ಪ್ಲಾಸ್ಟಿಕ್. ಮೇಲೆ ಬಿಗಿಯಾದ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ನಾಲ್ಕು ಸುತ್ತು ಬಬಲ್ ರ‍್ಯಾಪ್. ಅಷ್ಟರ ಮೇಲೆ ರಟ್ಟಿನ ಪೆಟ್ಟಿಗೆ, ಅದರಲ್ಲಿ ಹಸಿರು ಎಲೆಯ ಚಿತ್ರ. ಪ್ಲಾಸ್ಟಿಕ್ ಡಬ್ಬಿಯಾಗಿದ್ದರೆ ಬಬಲ್ ರ‍್ಯಾಪೇ ಬೇಕಾಗುತ್ತಿರಲಿಲ್ಲ.

ದೊಡ್ಡ ಹೆಸರಿನವರೆಲ್ಲ ಗಾಜಿಗೇ ಅಂಟಿಕೊಂಡಿದ್ದಾರಾ? ಅದೂ ಇಲ್ಲ. 1854ರಿಂದ ಇರುವ ಲಂಡನ್ನಿನ ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್‌ನವರ ಶೇವಿಂಗ್ ಕ್ರೀಮು ಬರುವುದು ಪ್ಲಾಸ್ಟಿಕ್ ಡಬ್ಬಿಯಲ್ಲೇ. ಓಲ್ಡ್ ಸ್ಪೈಸ್‌ನವರು 1938ರ ಹೊತ್ತಿಗೆ ಹಡಗಿನ ಚಿತ್ರ ಇದ್ದ ಪಿಂಗಾಣಿ ಮಗ್ಗಿನಲ್ಲಿ ಸಾಬೂನು ಮಾರುತ್ತಿದ್ದರು. ಅವರ ಆಫ್ಟರ್ ಶೇವಿನ ಬಿಳಿ ಗಾಜಿನ ಬಾಟಲಿಯೂ ಅಮೆರಿಕದಲ್ಲಿ 2008ರಲ್ಲಿ ಪ್ಲಾಸ್ಟಿಕ್ ಆಯಿತು. ಲಂಡನ್ನಿನವರಿಗೆ ಇಲ್ಲದ ಮರ್ಯಾದೆಯ ಚಿಂತೆ ನಮಗೆ.

ಮಾಷ್ಟ್ರ ವಾದ ಒಂದೇ. "ಬಚ್ಚಲಲ್ಲಿ ಬಿದ್ರೆ ಎಂತ ಮಾಡ್ತೀ?" ಕೈಯಲ್ಲಿ ನೊರೆ, ನೆಲದಲ್ಲಿ ನೀರು, ಕಾಲಲ್ಲಿ ಚಪ್ಪಲಿ ಇಲ್ಲ. ಜೂನಿನ ಮಳೆಗೆ ಕರೆಂಟೂ ಇಲ್ಲ. ಆಗ ಗಾಜಿನ ಚೂರು ಹುಡುಕುವುದು ಎಂಥ ಐಷಾರಾಮ ಎಂದು ಅನುಭವಿಸಿದವರೇ ಹೇಳಬೇಕು. ಆದರೆ ಮಾಷ್ಟ್ರೂ ಸಾಚಾ ಅಲ್ಲ. ಖಾಲಿ ಪ್ಲಾಸ್ಟಿಕ್ ಡಬ್ಬಿಗಳನ್ನು "ಎಂತಕ್ಕಾದರೂ ಬೇಕಾಗ್ತದೆ" ಎಂದು ಅಟ್ಟದಲ್ಲಿ ಪೇರಿಸಿಟ್ಟಿದ್ದಾರೆ. ಆ ಎಂತಕ್ಕಾದರೂ ಇನ್ನೂ ಬಂದಿಲ್ಲ. ಇಬ್ಬರ ಮನೆಯಲ್ಲೂ ಹಿಂದಿನವರು ಸಾಬೂನು ಇಡುತ್ತಿದ್ದದ್ದು ತೆಂಗಿನ ಗೆರಟೆಯಲ್ಲಿ. ಬಿದ್ದರೆ ಒಡೆಯುವುದಿಲ್ಲ, ಹಳತಾದರೆ ಬಚ್ಚಲ ಒಲೆಗೆ. ಊಟದ ಪಂಕ್ತಿಯಲ್ಲಿ ಗೆರಟೆಯ ಪಕ್ಷಕ್ಕೆ ಒಬ್ಬ ಸದಸ್ಯನೂ ಇರಲಿಲ್ಲ.

ಡಬ್ಬಿಯಲ್ಲಿ ಜಾತಿ ನೋಡುವುದು ಸಾಬೂನಿನವರು ಮಾತ್ರ ಅಲ್ಲ. 800 ರೂಪಾಯಿಗಿಂತ ಮೇಲಿನ ಮದ್ಯ ಗಾಜಿನ ಕುಪ್ಪಿಯಲ್ಲೇ ಬರಬೇಕು ಎಂದು ಕೇರಳ ಸರಕಾರ 2025ರಲ್ಲಿ ಹೇಳಿತು. ಕಡಿಮೆ ರೇಟಿನದ್ದು ಕುಡಿಯುವವನಿಗೆ ಪ್ಲಾಸ್ಟಿಕ್ ಸಾಕು ಎಂದಾಯಿತು. ಖಾಲಿ ಕುಪ್ಪಿ ವಾಪಸು ಬರಲಿ ಎಂದು 20 ರೂಪಾಯಿ ಠೇವಣಿಯ ಪ್ರಯೋಗವೂ ಅದೇ ವರ್ಷ ತಿರುವನಂತಪುರದಲ್ಲಿ, ನಮ್ಮ ಪಕ್ಕದ ಕಣ್ಣೂರಿನಲ್ಲಿ ಶುರುವಾಯಿತು. ಕುಡುಕನ ಮೇಲಾದರೂ ಕುಪ್ಪಿಯ ಹೊಣೆ ಬಿತ್ತು. ನುಣ್ಣಗೆ ಶೇವ್ ಮಾಡಿದ ಮರ್ಯಾದಸ್ಥರನ್ನು ಯಾರೂ ಕೇಳಿಲ್ಲ. ಆ ಸೆಪ್ಟೆಂಬರ್ 22ರಿಂದ ಶೇವಿಂಗ್ ಕ್ರೀಮಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು ಬೇರೆ. ಇಳಿದದ್ದು ಕ್ರೀಮಿಗೆ. ಗಾಂಭೀರ್ಯದ ರೇಟು ಇದ್ದ ಹಾಗೇ ಉಂಟು.

ಗಾಜಿನ ಪಕ್ಷದ ಕೊನೆಯ ಬ್ರಹ್ಮಾಸ್ತ್ರ ಪರಿಸರ. ಗಾಜನ್ನು ಎಷ್ಟು ಸಲ ಕರಗಿಸಿದರೂ ಗಾಜೇ. ಮಾತು ಸರಿ. ಕರಗಿಸಲು ಸುಮಾರು 1500 ಡಿಗ್ರಿ ಬೇಕು, ಪಾಲಿಪ್ರೊಪಿಲೀನ್ 160ರ ಆಸುಪಾಸಿನಲ್ಲೇ ಸೋಲೊಪ್ಪುತ್ತದೆ, ಆ ಲೆಕ್ಕ ಬಿಡಿ. ಕುಲುಮೆ ಇರುವಲ್ಲಿಗೆ ಅದನ್ನು ಹೊರುವವರು ಯಾರು? ನಮ್ಮಲ್ಲಿ ಹೊರುವವರು ಹರಿತ ಕರ್ಮ ಸೇನೆಯ ಹೆಂಗಸರು. ತಿಂಗಳಿಗೆ 50 ರೂಪಾಯಿಗೆ ಮನೆಮನೆಗೆ ಬಂದು, ತೊಳೆದು ಒಣಗಿಸಿದ ಪ್ಲಾಸ್ಟಿಕ್ ಒಯ್ಯುತ್ತಾರೆ. ಗಾಜಿಗೆ ಬೇರೆ ಕ್ಯಾಲೆಂಡರ್ ಉಂಟು, ಅದರ ತಿಂಗಳು ಬಂದಾಗ ಅದು. ಮುರಕಲ್ಲಿನ ಗುಡ್ಡ ಹತ್ತಿ, ತೋಟ ಇಳಿದು, ತಲೆಯ ಮೇಲೆ ಗೋಣಿ. ಭಾವನ ಇನ್ನೂರು ಗ್ರಾಂ ಕಡೆಗೂ ಕೂರುವುದು ಆ ತಲೆಯ ಮೇಲೆ.

ವಿಷಯ ಇತ್ಯರ್ಥ ಆಗಬೇಕಾದರೆ ಒಂದು ಆಯೋಗ ಬೇಕು ಎಂದು ಪಾಯಸದ ಹೊತ್ತಿಗೆ ಎರಡೂ ಪಕ್ಷ ಒಪ್ಪಿದವು. ಆಯೋಗಗಳಲ್ಲಿ ನಮ್ಮ ಅನುಭವ ದೊಡ್ಡದು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಎಂದು ಗಡಿ ಜಗಳದ ಮಹಾಜನ ಆಯೋಗ ವರದಿ ಕೊಟ್ಟದ್ದು 1967ರಲ್ಲಿ. ಗಾಬರಿ ಇಲ್ಲ, ಕಾಯುತ್ತಾ ಇದ್ದೇವೆ. ಹೊಸ ಆಯೋಗ ಚಂದ್ರಗಿರಿಯಿಂದ ಬಡಗಿಗೆ ಗಾಜು, ತೆಂಕಿಗೆ ಪ್ಲಾಸ್ಟಿಕ್ ಎಂದು ಹಂಚಬಹುದು. ಹೊಳೆಯ ನಡುವೆ ದೋಣಿಯಲ್ಲಿ ಶೇವ್ ಮಾಡುವವರಿಗೆ ಎರಡರಲ್ಲಿ ಯಾವುದಾದರೂ.

ಆಯೋಗದಲ್ಲಿ ಒಂದು ಸೀಟು ಹೊರುವವರಿಗೂ ಇರಲಿ ಎಂದು ನನಗೆ ಕಂಡಿತು. ಪ್ಲಾಸ್ಟಿಕ್ ಒಯ್ಯಲು ಮನೆಗೆ ಬಂದ ಸೇನೆಯ ಅಕ್ಕನನ್ನೇ ಕೇಳಿದೆ. ಗಾಜೋ ಪ್ಲಾಸ್ಟಿಕ್ಕೋ, ನಿಮ್ಮ ಅಭಿಪ್ರಾಯ ಎಂತ ಅಕ್ಕ, ಸ್ವಲ್ಪ ಕೂತು ಹೇಳಿ ಎಂದೆ.

"ಕೂರಲಿಕ್ಕೆ ಪುರುಸೊತ್ತು ಇಲ್ಲ ಅಣ್ಣ, ಆಚೆ ಮನೆಯದ್ದು ಇನ್ನೂ ಉಂಟು. ನೀವು ಆ ಬಬಲ್ ರ‍್ಯಾಪ್ ಕೊಡ್ತೀರಾ, ಇಲ್ವಾ?"