ಜೆರ್ಸಿ ಸಿಟಿಯ ಡೇಕೇರು, ಸಿಂಧನೂರು ಕಡೆಯ ಅಂಗನವಾಡಿ

ನಾವಿರೋದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ. ಮಗಳಿಗೆ ಮೂರು ತುಂಬಿದ ವರ್ಷ ನಮ್ಮ ಡೇಕೇರಿನ ಮೇಡಂ ಕರೆದು, ಸೆಪ್ಟೆಂಬರಿನಿಂದ ಹಗಲಿನ ಆರು ತಾಸಿಗೆ ಫೀ ಕಟ್ಟೋದು ಬೇಡ ಅಂದರು. ನನಗೆ ಅನುಮಾನ. ಮನೆ ಬಾಡಿಗೆಯ ಜೊತೆ ಪೈಪೋಟಿಗೆ ಬಿದ್ದ ಫೀ ಅದು, ಯಾರಾದರೂ ಸುಮ್ನೆ ಬಿಡ್ತಾರಾ? ಕೇಳಿದರೆ, ಜೆರ್ಸಿ ಸಿಟಿಯ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿಯೇ ಆ ದುಡ್ಡು ಕೊಡುತ್ತದಂತೆ. ಅದೇ ಖಾಸಗಿ ಡೇಕೇರು, ಮಗಳ ಬ್ಯಾಗು ಅದೇ ಗೂಟಕ್ಕೆ. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಲಸಿಕೆ ಚೀಟಿ ಕೊಟ್ಟೆವು, ಮುಗಿಯಿತು.

ಇದು ಹೇಗೆ ಬಂತು ಅಂತ ಆಮೇಲೆ ಓದಿಕೊಂಡೆ. ಬಡ ಊರುಗಳ ಮೂರು, ನಾಲ್ಕು ವರ್ಷದ ಮಕ್ಕಳಿಗೆ ಒಳ್ಳೆಯ ಪ್ರೀಸ್ಕೂಲ್ ಕೊಡಲೇಬೇಕು ಅಂತ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು 1998ರಲ್ಲಿ ಹೇಳಿತು. ಅಂಥ ಊರುಗಳ ಪಟ್ಟಿ ಮುಂದೆ 31 ಶಾಲಾ ಜಿಲ್ಲೆಗಳಿಗೆ, ಅಂದರೆ ಒಂದೊಂದು ಮಂಡಳಿಯ ವ್ಯಾಪ್ತಿಗಳಿಗೆ, ಬೆಳೆಯಿತು. ಅಷ್ಟು ಮಕ್ಕಳಿಗೆ ಸರ್ಕಾರಿ ಶಾಲೆಗಳಲ್ಲಿ ಜಾಗ ಎಲ್ಲಿತ್ತು? ಅದಕ್ಕೇ ಊರಲ್ಲಿದ್ದ ಡೇಕೇರುಗಳ ಜೊತೆ ಕರಾರು ಮಾಡಿಕೊಂಡರು. ಆದರೆ ದುಡ್ಡಿನ ಹಿಂದೆಯೇ ನಿಯಮಗಳೂ ಒಳಗೆ ಬಂದವು. ಒಂದು ಕ್ಲಾಸಿಗೆ 15 ಮಕ್ಕಳು, ಒಬ್ಬರು ಟೀಚರ್, ಒಬ್ಬರು ಸಹಾಯಕಿ. ಡೇಕೇರಿನ ಟೀಚರುಗಳೂ ಪದವಿ, ಸರ್ಟಿಫಿಕೇಟು ಪಡೆಯಬೇಕು ಅಂತ 2000ದಲ್ಲಿ ಕೋರ್ಟು ಗಡುವು ಕೊಟ್ಟಿತು. ಅವರ ಓದಿನ ಖರ್ಚಿಗೆ ರಾಜ್ಯವೇ ನೆರವಾಯಿತು.

ಒಂದು ದಿನ ಮಗಳನ್ನು ಬಿಡಲು ಹೋದಾಗ ಮಂಡಳಿಯ ಕಡೆಯಿಂದ ಒಬ್ಬರು ಬಂದಿದ್ದರು. ಇವರನ್ನು ಮಾಸ್ಟರ್ ಟೀಚರ್ ಅಂತಾರೆ. ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮುದುರಿ ಕೂತು ಏನೇನೋ ಬರೆದುಕೊಳ್ಳುತ್ತಿದ್ದರು. ರಿಜಿಸ್ಟರ್ ಕಡೆ ನೋಡಲೇ ಇಲ್ಲ. ನೀರಾಟದ ತೊಟ್ಟಿ ಯಾಕೆ ಒಣಗಿದೆ, ಆ ಮೂಲೆಯ ಹುಡುಗ ಬೆಳಿಗ್ಗೆಯಿಂದ ಎಷ್ಟು ಮಾತಾಡಿದ, ಇಂಥವನ್ನೇ ಟೀಚರನ್ನು ಕೇಳುತ್ತಿದ್ದರು. ತಪಾಸಣೆ ಅಂದರೆ ಹಾಜರಿ ಎಣಿಸೋದು ಅಂತಲೇ ನೋಡಿ ಬೆಳೆದವನು ನಾನು. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತುಬಿಟ್ಟೆ.

ನಮ್ಮ ಅಕ್ಕ ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನಲ್ಲಿ ಅಂಗನವಾಡಿ ಟೀಚರ್. ಅವಳ ಅಂಗನವಾಡಿ ಎದುರಿಗೇ ಒಂದು ಕಾನ್ವೆಂಟು. ಎರಡೂ ಸವತಿಯರ ಹಾಗೆ ಒಂದೇ ಓಣಿಯಲ್ಲಿ ಮುಖ ತಿರುಗಿಸಿಕೊಂಡು ಕೂತಿವೆ. ಮೂರು ತುಂಬುತ್ತಿದ್ದ ಹಾಗೇ ಮಗುವಿಗೆ ಟೈ ಕಟ್ಟಿ, ಶೂ ಹಾಕಿ ಆ ಕಡೆ ದಾಟಿಸುತ್ತಾರೆ. ಹೆಸರು ಮಾತ್ರ ಅಕ್ಕನ ರಿಜಿಸ್ಟರಿನಲ್ಲೇ ಇರುತ್ತದೆ, ಮೊಟ್ಟೆಗೆ. ಕಾನ್ವೆಂಟಿನಲ್ಲಿ ಎ ಬಿ ಸಿ ಡಿ ಉಂಟು, ಊಟ ಇಲ್ಲ. ಅಂಗನವಾಡಿಯಲ್ಲಿ ಊಟ ಉಂಟು, ಎ ಬಿ ಸಿ ಡಿ ಕಲಿಸಲ್ಲ ಅಂತ ದೂರು. ಇಬ್ಬರೂ ಸೇರಿ ಒಂದು ಮಗುವನ್ನು ನೋಡಿಕೊಳ್ಳಬಾರದು ಅಂತ ಯಾವ ಕಾನೂನಿದೆ?

ಖಾಸಗಿಯವರ ಜೊತೆ ಬಿಡಿ, ಸರ್ಕಾರದ ಎರಡು ಇಲಾಖೆಗಳೇ ಕೂಡಿ ಕೂರಲ್ಲ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡ್ತೀವಿ ಅಂತ ಶಿಕ್ಷಣ ಇಲಾಖೆ ಹೊರಟಿತು. ನಮ್ಮ ಮಕ್ಕಳನ್ನೇ ಕರ್ಕೊಂಡು ಹೋಗ್ತೀರಲ್ಲ ಅಂತ ಅಂಗನವಾಡಿಯವರು ಬೆಂಗಳೂರಿನಲ್ಲಿ ಧರಣಿ ಕೂತರು. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು. ಅದರ ಮೇಲೆ 2023ರ ಬಜೆಟ್ಟಿನಲ್ಲಿ ಬಂದ ಕೂಸಿನ ಮನೆ ಬೇರೆ. ಅದು ನರೇಗಾ ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳಲು ಶುರುವಾದದ್ದು, ಪಂಚಾಯತಿಯ ಕಡೆಯದ್ದು. ಒಂದೇ ಊರಿನ ಅಕ್ಕ, ತಮ್ಮ, ಕೂಸು ಮೂರು ಇಲಾಖೆಗೆ ಹಂಚಿಹೋದರು!

ಇದನ್ನೆಲ್ಲ ಫೋನಿನಲ್ಲಿ ಅಕ್ಕನಿಗೆ ಹೇಳಿ, ಕಾನ್ವೆಂಟಿಗೇ ಸರ್ಕಾರ ರೊಕ್ಕ ಕೊಟ್ಟು ನಿಯಮ ಹಾಕಿದರೆ ಆಗಲ್ವಾ ಅಂದೆ. ಅವಳು ಉರಿದುಬಿದ್ದಳು. "ಏ ತಮ್ಮ, ಆರ್‌ಟಿಇ ಒಳಗ ಕೊಟ್ಟಿದ್ರಲ್ಲ. ರೊಕ್ಕ ಆ ಕಡೆ ಹೋತು, ಹುಡುಗ್ರೂ ಹೋದ್ರು. ನಿಯಮ ಎಲ್ಲಿ ಹೋತು? ನಿಮ್ಮಲ್ಲಿ ಕೊಟ್ಟವ್ರು ಬಂದು ನೋಡ್ತಾರ. ಇಲ್ಲಿ ಯಾರು ಬರ್ತಾರ ಹೇಳು."

ಮಾತು ಸುಳ್ಳಲ್ಲ. ಆರ್‌ಟಿಇ ಅಂದರೆ ಶಿಕ್ಷಣ ಹಕ್ಕಿನ ಕಾಯ್ದೆ, ಅದರಡಿ ಖಾಸಗಿ ಶಾಲೆ ಸೇರಿದ ಬಡ ಮಕ್ಕಳ ಫೀಯನ್ನು ಸರ್ಕಾರ ಕೊಡುತ್ತದೆ. ಕಾನ್ವೆಂಟುಗಳ ಎಲ್‌ಕೆಜಿಗೂ ಆರ್‌ಟಿಇ ಸೀಟು ಕೊಟ್ಟ ರಾಜ್ಯ ನಮ್ಮದು. ಸರ್ಕಾರಿ ಶಾಲೆ ಖಾಲಿಯಾಗ್ತಿವೆ ಅಂತ ಗೊತ್ತಾದ ಮೇಲೆ, 2019ರ ಹೊತ್ತಿಗೆ ಅದನ್ನು ಬಿಗಿ ಮಾಡಿದರು. ಒಂದು ಕೋಣೆಗೆ 15 ಮಕ್ಕಳು ಸಾಕು ಅಂದರೆ ಅಕ್ಕನ ಎದುರಿನ ಕಾನ್ವೆಂಟಿನವರು ನಕ್ಕುಬಿಡ್ತಾರೆ.

ಇಲ್ಲಿಯದ್ದೂ ಪೂರ್ತಿ ಪುಕ್ಕಟೆ ಅಲ್ಲ, ಒಪ್ಪಬೇಕು. ಆರು ತಾಸು ಮುಗಿದ ಮೇಲೆ ಸಂಜೆಯವರೆಗಿನ ದುಡ್ಡು ನಮ್ಮ ಜೇಬಿನಿಂದಲೇ. ಶಾಲೆಗೆ ರಜೆ ಇದ್ದು ಆಫೀಸಿಗೆ ಇಲ್ಲದ ದಿನಗಳದ್ದೂ ಹಾಗೇ. ಹುಬ್ಬಳ್ಳಿಯ ಗೆಳೆಯನೊಬ್ಬ ನ್ಯೂಜೆರ್ಸಿಯಲ್ಲೇ ಬೇರೆ ಊರಿನಲ್ಲಿದ್ದಾನೆ, ಆ ಊರಿಗೆ ಈ ಸೌಲಭ್ಯ ಇಲ್ಲ, ಅವನು ಪೂರ್ತಿ ಫೀ ಕಟ್ಟುತ್ತಾನೆ. ಅದೇ ರಾಜ್ಯ, ಅದೇ ವಯಸ್ಸಿನ ಮಗು. ಇನ್ನು ಬಸುರಿ ಹೆಂಗಸಿನ ಮನೆಗೆ ಹೋಗಿ ಮಾತಾಡಿಸಿ, ಕೂಸನ್ನು ತಕ್ಕಡಿಯಲ್ಲಿ ತೂಗಿ, ಲಸಿಕೆಯ ದಿನ ನೆನಪಿಸುವುದು ಅಕ್ಕನಿಗೆ ದಿನದ ಕೆಲಸ. ನಮ್ಮ ಡೇಕೇರಿನವರು ಅದನ್ನೆಲ್ಲ ಮಾಡಲ್ಲ.

ಆದರೂ ಒಂದು ವಿಷಯಕ್ಕೆ ನನ್ನ ಸಿಟ್ಟು ಇಳಿಯುವುದಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ಕಡೆಯ ಹೆಣ್ಣುಮಕ್ಕಳು ಬೆಳಿಗ್ಗೆಯೇ ಟಂಟಂ ಹತ್ತಿ ಹೋದರೆ ಹೊತ್ತು ಮುಳುಗುವಾಗ ಬರುತ್ತಾರೆ. ಅಂಗನವಾಡಿ ನಾಲ್ಕಕ್ಕೆ ಮುಚ್ಚುತ್ತದೆ. ಆಮೇಲೆ ಆ ಮಗು ಏಳು ವರ್ಷದ ಅಕ್ಕನ ಸೊಂಟದ ಮೇಲೆ. ಕಟ್ಟಡ ಅಲ್ಲೇ ಇದೆ, ಪಾತ್ರೆ, ಚಾಪೆ ಇವೆ. ಪಂಚಾಯತಿಯವರು ಕೂಸಿನ ಮನೆಯ ಕೆಲಸದವರನ್ನು ನಾಲ್ಕರಿಂದ ಆರೂವರೆವರೆಗೆ ಅದೇ ಕೋಣೆಗೆ ಕಳಿಸಲಿ, ಆ ಎರಡೂವರೆ ತಾಸಿನ ಕೂಲಿ ಕೊಡಲಿ. ಇಷ್ಟಕ್ಕೆ ಕೋರ್ಟು ಬೇಡ, ಕಾನ್ವೆಂಟೂ ಬೇಡ. ಬೀಗದ ಕೈ ಯಾವ ಇಲಾಖೆಯದ್ದು ಅಂತ ಇಬ್ಬರು ಅಧಿಕಾರಿಗಳು ಕೂತು ಮಾತಾಡಿಕೊಂಡರೆ ಸಾಕು.