ಅಲಾರಂ ಅವನದು, ಎಚ್ಚರ ನಮ್ಮದು

ಇಂಟರ್ನ್‌ಶಿಪ್‌ಗೆಂದು ಹೊಸ ಊರಿಗೆ ಹೊರಡುವವರಿಗೆ ಕಾಲೇಜಿನಲ್ಲಿ ಎಲ್ಲ ಹೇಳಿ ಕಳಿಸುತ್ತಾರೆ. ರೆಸ್ಯೂಮೆ ಹೇಗಿರಬೇಕು, ಮೇಲ್ ಹೇಗೆ ಬರೆಯಬೇಕು, ಮೀಟಿಂಗ್‌ನಲ್ಲಿ ಯಾವಾಗ ಬಾಯಿ ಬಿಡಬೇಕು. ಪಕ್ಕದ ಮಂಚದ ಅಲಾರಂನ ಬಾಯಿ ಮುಚ್ಚಿಸುವುದು ಹೇಗೆ ಅನ್ನುವುದು ಮಾತ್ರ ಯಾವ ಪಠ್ಯದಲ್ಲೂ ಇಲ್ಲ.

ರೂಮ್‌ಮೇಟ್ ಏಳುವುದು 7:30ಕ್ಕೆ. ಅಲಾರಂ ಇಡುವುದು 5:30ಕ್ಕೆ. 5:30 ಅವನ ಆಸೆ, 7:30 ಅವನ ಯೋಗ್ಯತೆ, ನಡುವಿನ ಎರಡು ಗಂಟೆ ನಮ್ಮ ಕರ್ಮ. ಸ್ನೂಜ್ 10 ನಿಮಿಷದ್ದು ಅಂತಿಟ್ಟುಕೊಳ್ಳಿ. ಅಲ್ಲಿಗೆ 13 ಸಲ ಬಡಿಯಿತು. ಆದರೆ ಇಂಥವರಿಗೆ ತಮ್ಮ ಮೇಲೇ ನಂಬಿಕೆ ಇರುವುದಿಲ್ಲ, 5:35ಕ್ಕೆ ಇನ್ನೊಂದು ಇಟ್ಟಿರುತ್ತಾರೆ. ಅದಕ್ಕೂ ಅದರದೇ ಸ್ನೂಜ್, ಅದರ ಪಾಲು 12. ಒಟ್ಟು 25 ಸಲ, ಐದೈದು ನಿಮಿಷಕ್ಕೆ, ತಪ್ಪದೆ. ವಾರದ ದಿನಗಳನ್ನು ಆರಿಸಿಟ್ಟರೆ ಭಾನುವಾರವಾದರೂ ಬಿಡುವು ಸಿಗುತ್ತದೆ. ಅಷ್ಟು ತಾಳ್ಮೆ ಇದ್ದವನು ಎರಡು ಅಲಾರಂ ಯಾಕೆ ಇಡುತ್ತಾನೆ?

ಫೋನ್ ಸೈಲೆಂಟ್ ಮಾಡಿಸಿದರಾಯಿತಲ್ಲ ಅನ್ನುವವರು ಒಂಟಿ ಕೋಣೆಯಲ್ಲಿ ಮಲಗುವವರು. ಸಾಮಾನ್ಯವಾಗಿ ಫೋನ್‌ನಲ್ಲಿ ಕರೆಯ ಸದ್ದೇ ಬೇರೆ, ಅಲಾರಂ ಸದ್ದೇ ಬೇರೆ. ಮೊದಲಿನದು ಸೊನ್ನೆಯಲ್ಲಿದ್ದರೂ ಎರಡನೆಯದು ಅರಚುತ್ತದೆ. ಇನ್ನು ಅದನ್ನು ಕಬ್ಬಿಣದ ಕಪಾಟಿನ ಮೇಲೆ ಚಾರ್ಜಿಗೆ ಹಾಕಿದ್ದರೆ ವೈಬ್ರೇಶನ್‌ಗೆ ಇಡೀ ಕಪಾಟೇ ತಾಳ ಹಾಕುತ್ತದೆ. ಕೆಳಗೆ ನಾಲ್ಕು ಮಡಿಕೆಯ ಟವೆಲ್ ಇಟ್ಟರೆ ಗುಡುಗು ಗೊಣಗಾಟಕ್ಕೆ ಇಳಿಯುತ್ತದೆ.

ಅವನು ಬಚ್ಚಲಲ್ಲಿದ್ದಾಗ ಬಡಿದರೆ ನಾವೇ ಏಳಬೇಕು. ಲಾಕ್ ಇದ್ದರೂ ಅಲಾರಂ ನಿಲ್ಲಿಸಬಹುದು, ಪಾಸ್‌ವರ್ಡ್ ಬೇಡ. ತೊಂದರೆ ಇರುವುದು ಅರೆಗಣ್ಣಿನಲ್ಲಿ. ಒಂದು ಫೋನ್‌ನಲ್ಲಿ ಎಡಕ್ಕೆ ಎಳೆದರೆ ಸ್ನೂಜ್, ಇನ್ನೊಂದರಲ್ಲಿ ದೊಡ್ಡ ಬಟನ್ ಒತ್ತಿದರೆ ಸ್ನೂಜ್, ಮತ್ತೊಂದರಲ್ಲಿ ಪಕ್ಕದ ವಾಲ್ಯೂಮ್ ಕೀ ಮುಟ್ಟಿದರೂ ಸ್ನೂಜ್. ನಿಲ್ಲಿಸುವ ಬಟನ್ ಎಲ್ಲೋ ಕೆಳಗೆ ಚಿಕ್ಕದಾಗಿ ಅಡಗಿರುತ್ತದೆ. ನಿಲ್ಲಿಸಿದೆವು ಅಂತ ಹೊದ್ದುಕೊಂಡು, ಇನ್ನೇನು ಕಣ್ಣು ಹತ್ತಬೇಕು, ಮತ್ತೆ ಶುರು. ಈ ಸಲದ್ದು ನಾವೇ ಇಟ್ಟದ್ದು! ಆದ್ದರಿಂದ ರೂಮ್ ನೋಡಲು ಹೋದಾಗ ನೀರು ಬರುತ್ತಾ, ಗಾಳಿ ಬರುತ್ತಾ ಅಂತ ಕೇಳುವುದರ ಜೊತೆಗೆ ಎರಡು ಪ್ರಶ್ನೆ ಹಾಕಿ: ಅಲಾರಂ ಎಷ್ಟಕ್ಕೆ, ಏಳುವುದು ಎಷ್ಟಕ್ಕೆ. ಎರಡೂ ಉತ್ತರ ಒಂದೇ ಆಗಿದ್ದರೆ ಮಾತ್ರ ಮುಂಗಡದ ಮಾತು.

7:30ಕ್ಕೆ ಎದ್ದವನಿಗೆ ಸಹಜವಾಗಿಯೇ ಅವಸರ. ಎಲ್ಲರೂ ಒಟ್ಟಿಗೇ ಪ್ಲಗ್ ಹಾಕುತ್ತಾರೆ. ಕೆಟಲ್ 2000 ವ್ಯಾಟ್, ಹೇರ್ ಡ್ರೈಯರ್ 1500, ಇಸ್ತ್ರಿ ಪೆಟ್ಟಿಗೆ 1000. ಒಟ್ಟು 4500, 230 ವೋಲ್ಟ್‌ಗೆ ಹತ್ತಿರಹತ್ತಿರ 20 ಆಂಪ್. ಬ್ರೇಕರ್ 10 ಆಂಪಿನದಾಗಿದ್ದರೂ ಕೂಡಲೇ ಬೀಳುವುದಿಲ್ಲ, ಒಳಗಿನ ಲೋಹದ ಪಟ್ಟಿ ಕಾದು ಬಾಗಬೇಕು. ಅಷ್ಟರಲ್ಲಿ ನೀರು ಉಗುರುಬೆಚ್ಚಗೆ, ತಲೆ ಅರ್ಧ ಒಣಗಿ, ಅಂಗಿಯ ಒಂದು ತೋಳು ಮಾತ್ರ ಇಸ್ತ್ರಿಯಾಗಿರುತ್ತದೆ. ಪ್ಲಗ್ ಕೀಳದೆ ಬ್ರೇಕರ್ ಎತ್ತಿದರೆ ಮತ್ತೆ ಬೀಳುತ್ತದೆ, ಈ ಸಲ ಬೇಗ, ಪಟ್ಟಿ ಇನ್ನೂ ಆರಿರುವುದಿಲ್ಲ. ಎಕ್ಸ್‌ಟೆನ್ಶನ್ ವೈರನ್ನು ಸುರುಳಿ ಬಿಚ್ಚದೆ ಬಳಸುವವರಂತೂ ದೇವರ ಮೇಲೆ ಭಾರ ಹಾಕಿದವರು; ಸುರುಳಿಯೊಳಗಿನ ಶಾಖಕ್ಕೆ ಹೊರಹೋಗುವ ದಾರಿ ಇರುವುದಿಲ್ಲ.

ಆಫೀಸಿನ ದಾರಿ ಗೊತ್ತು ಮಾಡಿಕೊಳ್ಳಲು ಎಲ್ಲರೂ ಭಾನುವಾರವೇ ಹೋಗುತ್ತಾರೆ. ಖಾಲಿ ರಸ್ತೆ, ಖಾಲಿ ಬಸ್ಸು, 25 ನಿಮಿಷ, ಆಹಾ! ಸೋಮವಾರ ಬೆಳಿಗ್ಗೆ ಅದೇ ರಸ್ತೆ ಬೇರೆಯೇ ಅವತಾರ ಎತ್ತಿರುತ್ತದೆ. ಮ್ಯಾಪ್‌ನಲ್ಲಿ ಸೋಮವಾರ 9ಕ್ಕೆ ತಲುಪಬೇಕು ಅಂತ ಹಾಕಿ ನೋಡುವುದು ವಾಸಿ. ಆದರೂ ಅದು ಲೆಕ್ಕ ಕೊಡುವುದು ಗೇಟಿನವರೆಗೆ. ಅಲ್ಲಿಂದ ಮುಂದೆ ಸೆಕ್ಯೂರಿಟಿ ಪುಸ್ತಕದಲ್ಲಿ ಹೆಸರು, ಲ್ಯಾಪ್‌ಟಾಪ್ ಸೀರಿಯಲ್ ನಂಬರ್ (ಅದು ಅಡಿಭಾಗದಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ), ಫೋಟೊ, ಆಮೇಲೆ ಲಿಫ್ಟ್‌ನ ಸಾಲು. ಮೊದಲ ದಿನಕ್ಕೆ ಅರ್ಧ ಗಂಟೆ ಹೆಚ್ಚಿಗೇ ಇಟ್ಟುಕೊಳ್ಳಿ.

ಮಾಲೀಕರ ಜೊತೆಗಿನ ವ್ಯವಹಾರಕ್ಕೆ ಒಂದೇ ಮದ್ದು, ಫೋಟೊ. ಸಾಮಾನು ಇಳಿಸುವ ಮೊದಲೇ ಗೋಡೆಯ ಕಲೆ, ಸೋರುವ ನಲ್ಲಿ, ಕಿಟಕಿಯ ಬಿರುಕು, ಮೀಟರ್ ರೀಡಿಂಗ್, ಎಲ್ಲ ತೆಗೆದು ಅವರಿಗೇ ಅವತ್ತೇ ಕಳಿಸಿ. ಇಲ್ಲದಿದ್ದರೆ ಹಳೆಯ ಬಿರುಕುಗಳೆಲ್ಲ ನಿಮ್ಮ ಹೆಸರಿಗೆ.

ಸಂಜೆಗೆ ಮಾತ್ರ ಮದ್ದಿಲ್ಲ. ಕೆಲಸ ಮುಗಿಸಿ ಬಂದು ಬೀಗ ತೆಗೆದರೆ, ದಿನವಿಡೀ ಕೂಡಿಟ್ಟುಕೊಂಡ ತಮಾಷೆ ಹೇಳಲು ಯಾರೂ ಇರುವುದಿಲ್ಲ. ಮನೆಗೆ ಫೋನ್ ಮಾಡಿದರೆ ಅಮ್ಮ ಮೊದಲು ಕೇಳುವುದು ಊಟ ಆಯಿತಾ ಅಂತ. ಆಗದಿದ್ದರೂ ಆಯಿತು ಅನ್ನುತ್ತೇವೆ. ಅಂಥ ಹೊತ್ತಿನಲ್ಲಿ ಅಲಾರಂ ಮಹಾಶಯ ಬಾಗಿಲು ತಳ್ಳಿಕೊಂಡು ಬಂದರೆ ಸಿಟ್ಟಿಗಿಂತ ಮೊದಲು ಸಮಾಧಾನವೇ ಆಗುತ್ತದೆ. ಅವನಿಗೆ ಅದು ಗೊತ್ತಾಗಬಾರದು, ಅಷ್ಟೆ.

ಅಂದಹಾಗೆ, ಮೊದಲ ದಿನವೇ ಲಾಗಿನ್‌ಗೆ ಅರ್ಜಿ ಹಾಕಿ, ಬರೀ ಮೆಂಟರ್ ಹೆಸರಿಗಲ್ಲ, ಅವರು ರಜೆ ಹಾಕಿದರೆ ಅನುಮತಿ ಕೊಡುವವರ ಹೆಸರಿಗೂ. ಬಿಟ್ಟರೆ ಎಂಟು ವಾರದ ಇಂಟರ್ನ್‌ಶಿಪ್‌ನ ಏಳನೇ ವಾರ ಲಾಗಿನ್ ಕೈಗೆ ಬರುತ್ತದೆ, 90 ದಿನಕ್ಕೊಮ್ಮೆ ಪಾಸ್‌ವರ್ಡ್ ತಪ್ಪದೆ ಬದಲಿಸಿ ಅನ್ನುವ ಎಚ್ಚರಿಕೆಯ ಜೊತೆಗೆ.